ಅಟ್ಟದ ಕಾಯಿ, ಪಕ್ಕದ ಪಾಯ

ಇವತ್ತು ಬೆಳಗ್ಗೆ ಹಿತ್ತಲ ಬಾಗಿಲು ತೆಗೆದ ಕೂಡಲೇ ಅಗೆದ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮಳೆ ಬಿದ್ದಾಗಿನ ಮಣ್ಣಿನ ವಾಸನೆಯಲ್ಲ. ಅದನ್ನು ಹೊಗಳುವವರು ಬಹಳ ಜನ ಇದ್ದಾರೆ. ಇದು ಎಷ್ಟೋ ಕಾಲದಿಂದ ಬೆಳಕು ಕಾಣದ ಆಳದ ಮಣ್ಣು. ಹಿತ್ತಲಿನ ತುಂಡು ಜಾಗದಲ್ಲಿ, ಹಿಂದಿನ ಮನೆಯ ಸುಮಳ ಗೋಡೆಗೆ ಒತ್ತಿಕೊಂಡ ಹಾಗೆ, ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಲು ನಮ್ಮ ಯಜಮಾನರು ನಿನ್ನೆಯಿಂದ ಪಾಯ ತೆಗೆಸುತ್ತಿದ್ದಾರೆ. ಸಂತೋಷಪಡಬೇಕಾದ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಯಾಕೆಂದು ಹೇಳುತ್ತೇನೆ, ಕೇಳಿ.

ನೀವು ತಿಪಟೂರಿಗೆ ಬಂದರೆ ಪೇಟೆಯ ಹಳೆಯ ಬೀದಿಗಳಲ್ಲಿ ಸ್ವಲ್ಪ ತಲೆ ಎತ್ತಿ ನಡೆಯಿರಿ. ಎರಡು ಹೆಂಚಿನ ಮನೆಗಳ ನಡುವೆ ಸಂದಿ ಸಿಕ್ಕಿದರೆ ಸಾಕು, ಅಲ್ಲೊಂದು ಕಟ್ಟಡ ಎದ್ದಿರುತ್ತದೆ, ತುಂಬಿದ ಬಸ್ಸಿನಲ್ಲಿ ‘ಸ್ವಲ್ಪ ಸರ್ಕೊಳ್ರೀ’ ಎಂದು ಅರ್ಧ ಸೀಟಿನಲ್ಲಿ ಕೂತವರ ಹಾಗೆ. ಮುಖಕ್ಕೆ ಬಚ್ಚಲಿನ ಟೈಲ್ಸು. ಸೂರೇ ಇಲ್ಲ, ಮಳೆನೀರೆಲ್ಲ ಪಕ್ಕದವರ ಹೆಂಚಿನ ಮೇಲೆ. ಕಿಟಕಿ ತೆಗೆದರೆ ಇನ್ನೊಬ್ಬರ ಗೋಡೆ. ಎಲ್ಲವೂ ಹೀಗೇ ಎಂದರೆ ತಪ್ಪಾದೀತು. ಚೆಂದದ್ದೂ ಒಂದಿದೆ, ಅದು ನಮ್ಮ ಮನೆಯ ಪಕ್ಕದ್ದೇ. ಆದರೆ ಚೆಂದವಾಗುವ ಮೊದಲು ಅದು ನನ್ನ ಜೀವವನ್ನು ಅರ್ಧ ಮಾಡಿತ್ತು.

ನಮ್ಮದು ಮಣ್ಣಿನ ಗೋಡೆಯ ಮನೆ. ನಡುಮನೆಯ ಮೇಲೆ ಅಟ್ಟ. ಅಟ್ಟದ ತೊಲೆಗಳ ಒಂದು ತುದಿ ಕೂತಿರುವುದು, ಆಗ ಖಾಲಿಯಿದ್ದ ಪಕ್ಕದ ಸಂದಿಯ ಕಡೆಯ ಗೋಡೆಯ ಮೇಲೆ. ಅಟ್ಟದ ತುಂಬ ಶೆಟ್ಟಿಕೆರೆಯ ನಮ್ಮ ತೋಟದ ತೆಂಗಿನಕಾಯಿ. ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಆಗಬೇಕೆಂದರೆ ಕಾಯಿಯನ್ನು ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ನಮ್ಮ ಅತ್ತೆಗಂತೂ ಅದು ಶಾಸ್ತ್ರ.

ಆ ಸಂದಿಯನ್ನು ಕೊಂಡವರು ಎದುರು ಮನೆಯ ಟೈಲರ್ ಜಬ್ಬಾರ್ ಸಾಬರು. ಕೆಳಗೆ ಹೊಲಿಗೆ ಅಂಗಡಿ, ಮೇಲೊಂದು ಕೋಣೆ ಅವರ ಆಸೆ. ಯಂತ್ರ ನುಗ್ಗದ ಜಾಗವಾದ್ದರಿಂದ ಹಾರೆ ಗುದ್ದಲಿಯಲ್ಲೇ ಅಗೆತ. ಗೋಡೆಯ ಬುಡದಲ್ಲೇ ಅಗೆಯುವುದರಿಂದ ಅಟ್ಟದ ಭಾರ ಇಳಿಸಿದರೆ ಒಳ್ಳೆಯದೆಂದು ಅವರ ಮೇಸ್ತ್ರಿ ಮೊದಲೇ ಬಂದು ಹೇಳಿದ. ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡರು.

“ಇನ್ನೂ ಒಳಗೆ ನೀರೈತೆ ಕಣಪ್ಪ. ತುಂಬಿದ ಬಸುರೀನ ಯಾರಾದ್ರೂ ಬೀದಿಗಿಳಿಸ್ತಾರಾ?”

ಮೇಸ್ತ್ರಿ ನಮ್ಮವರ ಮುಖ ನೋಡಿದ. ನಮ್ಮವರು ಚಪ್ಪಲಿ ಹುಡುಕತೊಡಗಿದರು. ತಾಯಿಯ ಮಾತಿಗೆ ಅವರು ಯಾವತ್ತೂ ಕೊಡುವ ಉತ್ತರ ಅದು.

ಹಾರೆಯ ಪ್ರತಿ ಏಟೂ ನೆಲದೊಳಗಿಂದ ಬಂದು ನನ್ನ ಅಂಗಾಲಿಗೆ ತಾಗುತ್ತಿತ್ತು. ಅಟ್ಟದ ಹಲಗೆಗಳ ಸಂದಿನಿಂದ ಸಣ್ಣ ಧೂಳು ಉದುರಿ, ಮುಚ್ಚಿಟ್ಟ ಮಜ್ಜಿಗೆಯ ತಟ್ಟೆಯ ಮೇಲೆ ಕೂರುತ್ತಿತ್ತು. ಒಮ್ಮೊಮ್ಮೆ ಏಟಿಗೆ ಒಂದು ಕಾಯಿ ರಾಶಿಯಿಂದ ಜಾರಿ, ಯಾರೂ ಇಲ್ಲದ ಅಟ್ಟದಲ್ಲಿ ಈ ಕಡೆಯಿಂದ ಆ ಕಡೆಗೆ ಉರುಳುವುದು ಕೇಳಿಸುತ್ತಿತ್ತು. ಉರುಳಿ ನಿಂತ ಮೇಲೂ ನಾನು ಉಸಿರು ಬಿಡುತ್ತಿರಲಿಲ್ಲ. ಅದರ ಕೆಳಗೇ, ಆ ಗೋಡೆಗೆ ಒರಗಿಸಿದ ಮಂಚದ ಮೇಲೆ, ಅತ್ತೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು. ಮಂಚ ಸರಿಸೋಣವೆಂದರೆ, ತಾವು ಮದುವೆಯಾಗಿ ಬಂದಾಗಿನಿಂದ ಮಂಚ ಅಲ್ಲೇ ಇದೆ ಎನ್ನುತ್ತಿದ್ದರು.

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಭೂಕಂಪದ ಪಾಠ ಮಾಡುವಾಗ, ಮನೆ ಅಲುಗಿದರೆ ಬಾಗಿಲ ಚೌಕಟ್ಟಿನಡಿ ನಿಲ್ಲಬೇಕು ಎಂದಿದ್ದರು. ಅಲ್ಲಿ ಕಲಿತ ಇಂಗ್ಲಿಷ್ ಪದ್ಯಗಳೆಲ್ಲ ಮರೆತಿವೆ, ಇದೊಂದು ಉಳಿದಿತ್ತು. ಹಾಗಾಗಿ ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಅಕ್ಕಿ ಆರಿಸುವುದು ಎಲ್ಲವನ್ನೂ ಹೊಸ್ತಿಲ ಮೇಲೆ ಕೂತು ಮಾಡತೊಡಗಿದೆ. ಹೊಸ್ತಿಲ ಮೇಲೆ ಕೂರಬಾರದೆಂದು ಅತ್ತೆ ಬೈದಾಗಲೆಲ್ಲ, ಒಳಗೆ ಸೆಕೆ ಎಂದು ಸುಳ್ಳು ಹೇಳುತ್ತಿದ್ದೆ. ಮಾರ್ಗಶಿರದ ಚಳಿಯಲ್ಲಿ ಸೆಕೆ. ಅವರು ನನ್ನನ್ನು ಒಂದು ಥರಾ ನೋಡಿ ಒಳಗೆ ಹೋಗುತ್ತಿದ್ದರು.

ಆಮೇಲೆ ಬಿರುಕು ಕಾಣಿಸಿತು. ತೊಲೆ ಕೂತ ಜಾಗದಿಂದ ಕೆಳಕ್ಕೆ, ಮಂಚದ ತಲೆದೆಸೆಯವರೆಗೆ, ಕೂದಲೆಳೆಯಷ್ಟು. ಅತ್ತೆ ಸುಣ್ಣ ಬಿಟ್ಟಿರುವುದೆಂದರು. ಆದರೂ ಪೂಜೆ ಮುಗಿಸಿದವರು ವಿಭೂತಿ ಗಟ್ಟಿಯನ್ನು ನೀರಿಗೆ ತಿಕ್ಕಿ, ಮೂರು ಬೆರಳಲ್ಲಿ ಆ ಬಿರುಕಿನ ಮೇಲೆ ಅಡ್ಡಲಾಗಿ ಎಳೆದರು. ಮನೆಗೂ ಒಂದು ಹಣೆ ಇರುತ್ತದೆ ಅಂತ. ಕೈ ಮುಗಿದರು. ನಾನೂ ಮುಗಿದೆ, ಸಿಸ್ಟರ್ ಕಲಿಸಿದ ಪ್ರಾರ್ಥನೆಯನ್ನೂ ಜೊತೆಗೆ ಸೇರಿಸಿಕೊಂಡು. ಭಯವಾದಾಗ ನಾನು ಯಾರನ್ನೂ ಬಿಡುವವಳಲ್ಲ.

ಮಾರನೆಯ ದಿನ ಬೆಳಗ್ಗೆ ಅತ್ತೆ ಎದ್ದವರು ಮಂಚದ ಮೇಲೇ ತಿರುಗಿ ಕೂತು ಗೋಡೆ ನೋಡುತ್ತಿದ್ದರು. ಒಣಗಿದ ಮೂರು ಗೆರೆಗಳೂ ನಡುವೆ ಸೀಳಿದ್ದವು. ವಿಭೂತಿ ಒಡೆದ ಎರಡು ಅಂಚುಗಳ ಮಧ್ಯೆ ಕರಿ ಗೀಟು. ಅವರ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ಬಿರುಕಿಗಿಂತ ಹೆಚ್ಚಾಗಿ ಆ ಮುಖ ನನ್ನನ್ನು ನಡುಗಿಸಿತು.

“ಜಬ್ಬಾರನ ಕರಿಯೇ,” ಎಂದರು.

ಸಾಬರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ಸೀಳಿದ ಗೆರೆಗಳನ್ನು ಮುಟ್ಟಲಿಲ್ಲ, ಹತ್ತಿರದಿಂದ ನೋಡಿ ಹಿಂದಕ್ಕೆ ಸರಿದರು. “ಹೊಲಿಗೆ ಬಿಟ್ಟಿರೋದಲ್ಲ ಅಮ್ಮಾವ್ರೇ. ಬಟ್ಟೇನೇ ಹರೀತಾ ಐತೆ.” ಅಲ್ಲಿಂದಲೇ ಕೂಗಿ ಹಾರೆ ನಿಲ್ಲಿಸಿದರು.

“ಕಾಯಿ ಇಳ್ಸಿ,” ಎಂದರು ಅತ್ತೆ. “ಎಲ್ಲಿಗೆ ಹಾಕಾನ?”

“ನಮ್ಮನೆ ಅಟ್ಟ ಐತಲ್ಲ, ಬುಡಿ.”

ಬಟ್ಟೆಯ ಗಂಟುಗಳನ್ನು ಇಳಿಸಿ ಸಾಬರು ಜಾಗ ಮಾಡಿದರು. ಬೀದಿಯ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಎಸೆಯಬೇಡಿ, ಕುಲುಕಬೇಡಿ ಎಂದು ಅತ್ತೆ ನಡುಬೀದಿಯಲ್ಲಿ ನಿಂತು ಗದರುತ್ತಿದ್ದರು. ಅಟ್ಟ ಖಾಲಿಯಾದ ಮೇಲೆ ತೊಲೆಗಳಿಗೆ ಮರದ ಆಸರೆ ಕೊಟ್ಟರು. ಸಾಬರು ನಮ್ಮ ಗೋಡೆಯ ಬುಡವನ್ನು ಮತ್ತೆ ಮುಚ್ಚಿಸಿ ಬಲಪಡಿಸಿ, ತಮ್ಮ ಪಾಯವನ್ನು ಒಳಕ್ಕೆ ಸರಿಸಿಕೊಂಡರು. ಮೊದಲೇ ಇಕ್ಕಟ್ಟಾದ ಅಂಗಡಿ. ಮೇಸ್ತ್ರಿ ಕೇಳಿದ್ದಕ್ಕೆ, “ಒಂದು ಮಿಷನ್ ಕಮ್ಮಿ ಹಾಕ್ಕೋತೀನಿ ಕಣಪ್ಪ. ಒಳಮಡಿಕೆ ಬುಡದೆ ಹೊಲಿದ್ರೆ ಅಂಗಿ ಉಳಿತದಾ?” ಎಂದರಂತೆ.

ಈಗಲೂ ಬಂದು ನೋಡಿ. ಎರಡು ಗೋಡೆಗಳ ನಡುವೆ ಗಾಳಿಗೆ ಜಾಗವಿದೆ, ನಮ್ಮ ಅಟ್ಟದ ಗವಾಕ್ಷಿಗೆ ಬೆಳಕು ಬರುತ್ತದೆ. ಅವರ ಸೂರಿನ ನೀರು ಅವರ ಕಡೆಗೇ ಬೀಳುತ್ತದೆ. ಮುಂಭಾಗ ನಮ್ಮ ಮಾಡಿನ ಎತ್ತರಕ್ಕೇ ನಿಂತಿದೆ, ತಲೆಯ ಮೇಲೆ ಏರಿಲ್ಲ. ಇಂಥದ್ದಕ್ಕೆ ಇಂಜಿನಿಯರುಗಳು ಏನು ಹೆಸರಿಡುತ್ತಾರೋ ನನಗೆ ಗೊತ್ತಿಲ್ಲ. ಕಾಯಿಯಲ್ಲಿ ಕೆಲವು ಕೆಟ್ಟವು, ಉಳಿದವು ಸಾಬರ ಅಟ್ಟದಲ್ಲೇ ಕೊಬ್ಬರಿಯಾದವು. ಮೊದಲ ಉಂಡೆಯನ್ನು ಅವರ ಮನೆಗೇ ಕೊಟ್ಟು ಅತ್ತೆ ಹೇಳಿದ್ದು: “ಬಾಣಂತನ ನಿಮ್ಮನೇಲಾಯ್ತಲ್ಲ, ಮಡಿಲು ತುಂಬ್ಕೊಳ್ಳಿ.”

ಅತ್ತೆ ಈಗಿಲ್ಲ. ಬಿರುಕಿಗೆ ಗಾರೆ ಮೆತ್ತಿದ್ದೇವೆ. ಆದರೂ ಕಸ ಗುಡಿಸುವಾಗ ಆ ಗೋಡೆಯ ಹತ್ತಿರ ನನ್ನ ಪೊರಕೆ ಮೆಲ್ಲಗಾಗುತ್ತದೆ.

ಇವತ್ತು ಬೆಳಗ್ಗೆ ಹಿತ್ತಲಲ್ಲಿ ನಿಂತವಳು ಬೇಲಿಯ ಆಚೆ ನೋಡಿದೆ. ಸುಮ ತನ್ನ ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಡಿಲಲ್ಲಿ ಮಗು. ಯಾಕಮ್ಮ ಅಲ್ಲಿ ಎಂದೆ.

“ಒಳಗೆ ಸೆಕೆ ಕಣಕ್ಕ,” ಎಂದಳು. ಅವಳು ಸ್ವೆಟರ್ ಹಾಕಿಕೊಂಡಿದ್ದಳು.

ನಾನು ಒಳಗೆ ಹೋಗಿ ನಮ್ಮವರಿಗೆ ಫೋನ್ ಮಾಡಿದೆ. ಪಾಯವನ್ನು ಒಳಕ್ಕೆ ತಗೊಳ್ಳಿ, ಕೋಣೆಯಲ್ಲಿ ಬೀರು ಇಡೋ ಜಾಗ ಹೋದರೆ ಹೋಗಲಿ ಅಂದೆ. ಅವರು ಪ್ಲಾನ್ ಅಂದರು, ಮೇಸ್ತ್ರಿ ಅಂದರು, ಸಂಜೆ ಮಾತಾಡೋಣ ಅಂದರು. ಇಷ್ಟು ವರ್ಷದಲ್ಲಿ ಅವರ ಮಾತು ಮುಗಿಯುವ ಮೊದಲೇ ನಾನು ಫೋನ್ ಇಟ್ಟದ್ದು ಇದೇ ಮೊದಲು. ದೇವರ ಗೂಡಿನಿಂದ ಅತ್ತೆಯ ವಿಭೂತಿ ಗಟ್ಟಿ ತೆಗೆದುಕೊಂಡು ಸುಮಳ ಮನೆಗೆ ನಡೆದೆ. ಅವಳ ಗೋಡೆಯ ಮೇಲೆ ಮೂರು ಗೆರೆ ಎಳೆದು, ಗೆರೆ ಒಡೆದರೆ ಗೋಡೆ ಬಿಡುತ್ತಿದೆ ಎಂದರ್ಥವೆಂದು ಅವಳಿಗೆ ಹೇಳಿ, ಬಂದು ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಕೊಟ್ಟಳು.

ಬೆರಳಲ್ಲಿ ವಿಭೂತಿ ಇನ್ನೂ ಆರಿರಲಿಲ್ಲ. ಗೋಡೆಯ ಆಚೆ ಕೆಲಸದವರು ಬಂದ ಮಾತು ಕೇಳಿಸಿತು. ಆಮೇಲೆ ನೆಲದೊಳಗಿಂದ ಬಂದು ಅಂಗಾಲಿಗೆ ತಾಗಿತು ಇವತ್ತಿನ ಮೊದಲನೆಯ ಏಟು. ಈ ಸಲದ ಹಾರೆ ನಮ್ಮದು. ನಿಲ್ಲಿಸಿ ಎಂದು ಕೂಗುತ್ತಾ ಎದ್ದೆ.