ಬೆನ್ನ ಹಿಂದಿನ ಪುಸ್ತಕಗಳು

ಮೊನ್ನೆ ವರ್ಷದ ಖಾರಕ್ಕೆಂದು ಬ್ಯಾಡಗಿ ಮೆಣಸಿನಕಾಯಿ ತರಿಸಿ ತೊಟ್ಟು ಮುರಿಯಲು ಕುಳಿತೆ. ಎರಡು ಹಿಡಿ ಮುರಿಯುವುದರೊಳಗೆ ಘಾಟು ಮೂಗಿಗೇರಿ ಸೀನು ಶುರುವಾಯಿತು. ಮನೆಮಂದಿಯೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಮಾತ್ರ ಆ ಘಾಟಿಗೆ ಬಿ.ಎ. ಪರೀಕ್ಷೆ ನೆನಪಾಯಿತು, ಅದರ ಬೆನ್ನಿಗೇ ಖಾಲಾ...

ಎಂಬತ್ತರ ದಶಕದ ಕೊನೆಯ ವರ್ಷಗಳು. ಮನೆ ಬ್ಯಾಡಗಿಯಲ್ಲಿ, ನೌಕರಿ ಹಾವೇರಿಯಲ್ಲಿ. ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಯಜಮಾನರು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಎರಡು ಮಕ್ಕಳು. ಇದೆಲ್ಲ ಸಾಲದೆಂಬಂತೆ ಮೂವತ್ತಾರನೇ ವಯಸ್ಸಿನಲ್ಲಿ ಹೊರಗಿನಿಂದ ಬಿ.ಎ. ಕಟ್ಟಿದ್ದೆ. ಹಿಂದಿನ ವರ್ಷ ಕೈಕೊಟ್ಟ ಮೂರು ಪತ್ರಿಕೆ, ಆ ವರ್ಷದ್ದು ಮೂರು, ಒಟ್ಟು ಆರು. ಹಳೆಯ ಪಠ್ಯಕ್ರಮಕ್ಕೆ ಅದೇ ಕೊನೆಯ ಅವಕಾಶ. ಒಂದು ಹೋದರೂ ಮತ್ತೆ ಮೊದಲಿನಿಂದ ಓದಬೇಕು. ಅಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ.

ಸಂಜೆ ರೈಲಿಳಿದು ಮನೆಗೆ ಬಂದು ಪುಸ್ತಕ ತೆರೆದರೆ ನಾಲ್ಕನೇ ಸಾಲಿಗೆ ತೂಕಡಿಕೆ. ಪಕ್ಕದ ಮನೆಯ ಖಾಲಾ ಅದನ್ನು ಕಿಟಕಿಯಿಂದ ನೋಡುತ್ತಿದ್ದರು. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ವ್ಯಾಪಾರಿಗಳ ಮೆಣಸಿನಕಾಯಿ ಚೀಲ ಮನೆಗೆ ತರಿಸಿ ತೊಟ್ಟು ಬಿಡಿಸಿ ಕೊಡುವುದು ಅವರ ಕೆಲಸ. ಕನ್ನಡ ಓದಲು ಬರುತ್ತಿರಲಿಲ್ಲ. ನಮ್ಮ ಪಡಸಾಲೆಗೆ ಬಂದು ಓದು, ಈ ಘಾಟಿನಲ್ಲಿ ನಿದ್ದೆ ಹತ್ತಿರ ಸುಳಿಯುವುದಿಲ್ಲ ಎಂದರು. ಸೀನುತ್ತ, ಮೂಗು ಒರೆಸಿಕೊಳ್ಳುತ್ತ ಓದಿದೆ. ಘಾಟಿಗೂ ಜಗ್ಗದೆ ನಾನು ತೂಕಡಿಸಿದಾಗ, ಜೋರಾಗಿ ಓದು, ಎಚ್ಚರವಿದ್ದೀಯೋ ಇಲ್ಲವೋ ನನಗೆ ಗೊತ್ತಾಗಲಿ ಎಂದು ಅಪ್ಪಣೆ ಮಾಡಿದರು.

ಒಂದು ಸಂಜೆ ಆರೂ ಪುಸ್ತಕ ಮುಂದೆ ಹರಡಿಕೊಂಡು ಅತ್ತುಬಿಟ್ಟೆ. ಯಾವುದನ್ನು ಮುಟ್ಟಿದರೂ ಉಳಿದ ಐದು ಬಾಕಿ. ಖಾಲಾ ಸಮಾಧಾನ ಹೇಳಲಿಲ್ಲ. ಕೈ ಒರೆಸಿಕೊಂಡು ಐದು ಪುಸ್ತಕ ಎತ್ತಿ ತಮ್ಮ ಬೆನ್ನ ಹಿಂದೆ, ಚೀಲದ ಪಕ್ಕಕ್ಕೆ ಇಟ್ಟುಕೊಂಡರು.

“ಚೀಲ ಕಣ್ಣ ಮುಂದ ಇಟ್ಕೊಂಡ್ರ ಕೈ ಓಡೂದಿಲ್ಲ, ಬೇಟಾ,” ಎಂದರು. “ಮೊರದಾಗ ಇದ್ದಷ್ಟ ಇವತ್ತಿನ ಕೆಲಸ.”

ಖರೇ ಹೇಳಬೇಕೆಂದರೆ ಅವರು ಚೀಲವನ್ನು ಯಾವತ್ತೂ ಮುಂದಿಟ್ಟುಕೊಂಡವರಲ್ಲ. ಹಿಂದೆ ಕೈಚಾಚಿ ಒಂದು ಮೊರದಷ್ಟೇ ಸುರುವಿಕೊಳ್ಳುತ್ತಿದ್ದರು. ಅಂದಿನಿಂದ ನನ್ನ ಪುಸ್ತಕಗಳಿಗೂ ಅದೇ ಕಾಯಿದೆ. ಒಂದು ಮುಗಿದ ಮೇಲೆಯೇ ರಟ್ಟಿನ ಬಣ್ಣ ನೋಡಿ ಇನ್ನೊಂದನ್ನು ಕೊಡುತ್ತಿದ್ದರು. ಮೆಣಸಿನಕಾಯಿ ಮುಟ್ಟಲು ಮಾತ್ರ ನನಗೆ ಬಿಡುತ್ತಿರಲಿಲ್ಲ. ಬೆರಳು ಉರಿದರೆ ಪೆನ್ನು ಹೇಗೆ ಹಿಡಿಯುತ್ತೀ ಎಂದು ಗದರುತ್ತಿದ್ದರು.

ಇತಿಹಾಸದ ಸರದಿ ಬಂದಾಗ ಖಾಲಾ ಅವರ ಕೈ ನಿಧಾನವಾಯಿತು. ಪಾಠದಲ್ಲಿ ಕೋಟೆಯೊಂದಕ್ಕೆ ಮುತ್ತಿಗೆ ಬಿದ್ದಿತ್ತು. ರಾಣಿಯೊಬ್ಬಳು ತಾನೇ ಗೋಡೆಯ ಮೇಲೆ ನಿಂತು, ಬಿರುಕು ಬಿಟ್ಟ ಜಾಗವನ್ನು ಬೆಳಗಾಗುವುದರೊಳಗೆ ಕಟ್ಟಿಸಿದ್ದಳು. ಖಾಲಾ ತೊಟ್ಟು ಮುರಿಯುವುದನ್ನೇ ಮರೆತು ಕೂತರು. ನಾನು ಅಲ್ಲಿಗೆ ಪುಸ್ತಕ ಮುಚ್ಚಿದೆ.

“ಮುಂದ ಏನಾದ್ಲು ಆಕಿ?”

“ಪರೀಕ್ಷಾಕ್ಕ ಇಷ್ಟ ಬರ್ತೈತ್ರಿ ಖಾಲಾ. ಮುಂದಿಂದು ಆಮ್ಯಾಲೆ ಓದ್ತೀನಿ.”

ಅವರು ಕೈಚಾಚಿ ಆ ಪುಸ್ತಕ ತೆಗೆದುಕೊಂಡು, ಮುಂದಿನದನ್ನು ಕೊಟ್ಟರು. ರಟ್ಟಿನ ಮೇಲೆ ಅವರ ಹೆಬ್ಬೆರಳಿನ ಕೆಂಪು ಗುರುತು ಉಳಿಯಿತು.

ರಾಣೆಬೆನ್ನೂರಿನಲ್ಲಿ ಪರೀಕ್ಷೆ ಬರೆದೆ. ಆರೂ ಪಾಸು, ಅಂಕ ಹೇಳಿಕೊಳ್ಳುವಂಥವಲ್ಲ. ಪೇಢೆ ತೆಗೆದುಕೊಂಡು ಖಾಲಾ ಮನೆಗೆ ಹೋದೆ. ಅವರು ಅಂಕ ಕೇಳಲಿಲ್ಲ. ಪೇಢೆ ಬಾಯಿಗೆ ಹಾಕಿಕೊಂಡು, ಈಗಾದರೂ ಆ ರಾಣಿಯ ಸುದ್ದಿ ಹೇಳು ಎಂದರು. ನನಗೇ ಗೊತ್ತಿರಲಿಲ್ಲ! ಪುಸ್ತಕವೆಂದರೆ ಆಗ ವಾಕರಿಕೆ ಬರುವಷ್ಟು ದಣಿದಿದ್ದೆ. ಭಾನುವಾರ ತರುತ್ತೇನೆ ಎಂದೆ.

ಆ ಭಾನುವಾರ ಮಲಗಿಯೇ ಕಳೆದೆ. ಮುಂದಿನ ಭಾನುವಾರ ನೆಂಟರು ಬಂದರು. ಆಮೇಲೆ ಬಡ್ತಿ ಸಿಕ್ಕಿತು, ಹಾವೇರಿಗೆ ಮನೆ ಬದಲಿಸಿದೆವು. ಬ್ಯಾಡಗಿಗೆ ಇಪ್ಪತ್ತು ನಿಮಿಷದ ರೈಲು... ಹೋಗಲಿಲ್ಲ. ಎರಡು ವರ್ಷದ ನಂತರ ಹಳೆಯ ಓಣಿಯವರೊಬ್ಬರು ಸಂತೆಯಲ್ಲಿ ಸಿಕ್ಕು, ಖಾಲಾ ತೀರಿಕೊಂಡು ಆರು ತಿಂಗಳಾಯಿತು ಎಂದರು. ಹೌದೇ ಎಂದಷ್ಟೇ ಕೇಳಿ, ಕಾಯಿಪಲ್ಯ ಕೊಂಡು ಮನೆಗೆ ಬಂದೆ. ಅಳುವುದಕ್ಕೂ ಆ ದಿನಗಳಲ್ಲಿ ಪುರಸೊತ್ತಿರಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಸೀನು ನಿಂತ ಮೇಲೆ ಕೈತೊಳೆದು ಅಟ್ಟದ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದೆ. ರಟ್ಟಿನ ಮೇಲಿನ ಹೆಬ್ಬೆರಳಿನ ಗುರುತು ಕಂದು ಬಣ್ಣಕ್ಕೆ ತಿರುಗಿದೆ. ಬಿಟ್ಟಲ್ಲಿಂದ ಓದಿದೆ. ಆ ರಾಣಿಯನ್ನು ಕೊನೆಗೆ ಕೊಂದವರು ಅವಳದೇ ಕೋಟೆಯ ಜನ. ಜೋರಾಗಿಯೇ ಓದಿದೆ, ಕೇಳುವವರು ಯಾರೂ ಇರಲಿಲ್ಲ.

ಒಂದೂವರೆ ಪುಟ ಅಷ್ಟೇ. ಖಾಲಾ ಒಂದು ಮೊರ ಮೆಣಸಿನಕಾಯಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.