ಕೊಪ್ಪರಿಗೆಗೆ ಕಾಲಿಡದ ಅಬ್ಬಾ

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಮಿಕ್ಸರ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಏನೋ ಬೆಸುಗೆ ಹಾಕುತ್ತಿದ್ದರು. ನವಸಾಗರ ಕಾದು ಎದ್ದ ಬಿಳಿ ಹೊಗೆ ಮೂಗಿಗೆ ಬಡಿಯಿತು ನೋಡಿ, ಮಿಕ್ಸರ್ ಮರೆತೇಹೋಯಿತು. ಕಣ್ಣು ಉರಿಸುವ, ಗಂಟಲು ಹಿಡಿಯುವ ಆ ಘಾಟು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಮನೆಯಲ್ಲಿ ಬೆಳೆದಿದ್ದರೆ ನಿಮಗೂ ಗೊತ್ತು. ನಿಮಗೆ ಅದು ಯಾವಾಗಲೋ ಒಮ್ಮೆ ಬೀದಿಗೆ ಬರುವ ವಾಸನೆ. ನಮಗೆ ಅದು ಕಲಾಯಿ ಹಾಕುವ ಅಬ್ಬಾನ ಲುಂಗಿಯಲ್ಲಿ, ಅಮ್ಮಿ ಒಣಹಾಕಿದ ಕೌದಿಯಲ್ಲಿ, ನನ್ನ ಪಾಟಿಚೀಲದಲ್ಲಿ ಇರುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ಬೇಕಂತಲೇ ಇನ್ನಷ್ಟು ಒತ್ತಿಕೊಂಡು ಕೂರುತ್ತಿದ್ದೆ.

ಅಬ್ಬಾ ಈ ಕಡೆಯವರಲ್ಲ. ಮೊರಾದಾಬಾದಿನಿಂದ ಹಿತ್ತಾಳೆ ಸಾಮಾನು ಮಾರುವ ಚಿಕ್ಕಪ್ಪನ ಜೊತೆ ಬಂದವರು. ಚಿಕ್ಕಪ್ಪ ತಿರುಗಿ ಹೋದರು, ಇವರು ಹರಪನಹಳ್ಳಿಯಲ್ಲೇ ಉಳಿದು ಕೂಡ್ಲಿಗಿ ಕಡೆಯ ಹೊಸಹಳ್ಳಿಯ ಅಮ್ಮಿಯನ್ನು ಮದುವೆಯಾದರು. ಮನೆಯ ಮುಂದೆ ಬೇವಿನ ನೆರಳಲ್ಲಿ ಇದ್ದಿಲಿನ ಗುಂಡಿ, ಅದಕ್ಕೊಂದು ತೊಗಲಿನ ತಿದಿ. ಅಜಾನ್ ಕೇಳಿಸಿದರೆ ತಿದಿ ಸುಮ್ಮನಾಗುತ್ತಿತ್ತು. ಅರ್ಧ ಕಾದ ಪಾತ್ರೆ ತಣ್ಣಗಾದರೂ ಸರಿ, ಅಬ್ಬಾ ಕೈಕಾಲು ತೊಳೆದು ನಮಾಜಿಗೆ ನಿಲ್ಲುತ್ತಿದ್ದರು. ಊಟಕ್ಕೂ ಅಷ್ಟೇ, ನಾವೆಲ್ಲ ಸುತ್ತ ಕೂರುವ ತನಕ ತುತ್ತು ಮುಟ್ಟುತ್ತಿರಲಿಲ್ಲ. ನಾನು ಬೇಕಂತಲೇ ತಡಮಾಡಿ ಕಾಯಿಸಿದ್ದೂ ಉಂಟು, ಆಗ ಬೈದವಳು ಅಮ್ಮಿ.

ಕಲಾಯಿ ಹಿಡಿಯಬೇಕಾದರೆ ಮೊದಲು ಪಾತ್ರೆಯ ಒಳಮೈಯನ್ನು ಕೆಂಪು ತಾಮ್ರ ಕಾಣುವ ತನಕ ತಿಕ್ಕಬೇಕು. ದೊಡ್ಡ ಪಾತ್ರೆಯಾದರೆ ಕಸುಬಿನವರು ಒಳಗೆ ಮರಳು, ಚಿಂದಿ ಬಟ್ಟೆ ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಂತು ಸೊಂಟ ತಿರುವುತ್ತಾರೆ. ಎಲ್ಲ ಕಡೆ ನಡೆಯುವುದು ಹಾಗೇ, ಅಂಗಾಲಿಗೆ ಹತ್ತಿದ ಆ ಕರಿ ಅವರು ಸಾಯುವ ತನಕ ಹೋಗುವುದಿಲ್ಲ. ಊರಿಗೆ ಬಂದ ಹೊಸತರಲ್ಲಿ ಅಬ್ಬಾ ಮಠದ ದಾಸೋಹದ ಕೊಪ್ಪರಿಗೆಗೂ ಹಾಗೇ ಇಳಿದುಬಿಟ್ಟರಂತೆ. ಮಠದಲ್ಲಿ ಅಡಿಗೆ ಮಾಡುವ ಬಸಣ್ಣ ಹೌಹಾರಿ, "ಏ ಸಾಬಾ, ಹೊರಗ ಬಾರಲೇ! ಪ್ರಸಾದ ಮಾಡಾ ಕೊಪ್ಪರಿಗ್ಯಾಗ ಕಾಲಿಡ್ತಿಯೇನು?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರಂತೆ. ಕನ್ನಡ ಇನ್ನೂ ಬಾರದಿದ್ದರೂ ಅಬ್ಬಾಗೆ ವಿಷಯ ತಿಳಿಯಿತು. ಹೊರಗೆ ಬಂದು, ಕೊಪ್ಪರಿಗೆಯನ್ನು ಮಗ್ಗುಲಿಗೆ ಮಲಗಿಸಿ, ಮಂಡಿಯೂರಿ ಕೈಯಿಂದಲೇ ತಿಕ್ಕಿದರು. ಅಷ್ಟಕ್ಕೆ ಬಿಟ್ಟಿದ್ದರೆ ನಮ್ಮ ಅಬ್ಬಾ ಹೇಗಾದಾರು! ಅಂದಿನಿಂದ ಯಾರ ಪಾತ್ರೆಗೂ ಕಾಲಿಡಲಿಲ್ಲ, ದರ್ಗಾದ ಡೇಗಿಗೂ ಇಲ್ಲ, ತೆಲಿಗಿಯ ಮದುವೆ ಮನೆಯ ಹಂಡೆಗೂ ಇಲ್ಲ. ಅನ್ನ ಬೇಯುವ ಜಾಗಕ್ಕೆ ಕಾಲು ಸೋಕಿಸುವುದಿಲ್ಲ ಎಂದು ಅಲ್ಲಾಹನಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಿದ್ದರು. ಅಮ್ಮಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಉರ್ದು ಆಡಿದರೂ ಸಿಟ್ಟು ಬಂದರೆ ಅವಳಿಗೆ ಕನ್ನಡವೇ ಬೇಕು. "ಕಾಲಿನ ಕೆಲಸ ಕೈಲೆ ಮಾಡ್ಕಂತ ಕುಂತ್ರ ಭುಜ ಉಳಿತಾವೇನ್ರಿ?" ಎನ್ನುತ್ತಿದ್ದಳು.

ಉಳಿಯಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಬ್ಬಾನ ಬಲ ಭುಜ ಹಿಡಿದುಕೊಂಡಿತು. ತಲೆಗೆ ಟೋಪಿ ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಶ್ರಾವಣ ಹತ್ತಿರ ಬಂದು ಮಠದ ಕೊಪ್ಪರಿಗೆ ನಮ್ಮ ಅಂಗಳಕ್ಕಿಳಿಯಿತು. ಸಾಬರಿಂದ ಆಗದಿದ್ದರೆ ಅಲ್ಯೂಮಿನಿಯಂ ಪಾತ್ರೆ ತಂದರಾಯಿತು ಎಂದು ಮಠದಲ್ಲಿ ಮಾತಾಗಿತ್ತು. ಮಠವೇ ಬಿಟ್ಟರೆ ಊರೂ ಬಿಡುತ್ತದೆ, ಕಸುಬು ಮುಗಿದಂತೆಯೇ. ಕಾಲಿಟ್ಟರೆ ಕೆಲಸವೇನೋ ಆಗುತ್ತಿತ್ತು. ಜೊತೆಗೆ ಬಂದಿದ್ದ ಬಸಣ್ಣ, ಆಗಲೇ ಮುದುಕರಾಗಿದ್ದವರು, ಅಬ್ಬಾನ ಜೋತ ಕೈ ನೋಡಿ ಕರಗಿದರು.

"ಕಾಲಿಟ್ಟೇ ತಿಕ್ಕೋ ಮಾರಾಯ. ನಾನ ಹೇಳಾಕತ್ತೀನಿ. ಆಮ್ಯಾಲ ಬೆಂಕಿಗಿಡ್ತೀಯಲ್ಲ, ಎಲ್ಲಾ ಶುದ್ಧ ಆಕ್ಕತಿ."

ಅಬ್ಬಾ ತಲೆ ಎತ್ತಲಿಲ್ಲ. "ನೀವು ಬೈದ್ರಿ ಅಂತ ಬಿಟ್ಟಿದ್ದಲ್ಲ ಬಸಣ್ಣಾರ. ಈಗ ನೀವು ಹೇಳಿದ್ರಿ ಅಂತ ಇಡಾದೂ ಇಲ್ಲ."

ಎಡಗೈಯಲ್ಲಿ ಚಿಂದಿ ಹಿಡಿದು ಕೊಪ್ಪರಿಗೆಯೊಳಗೆ ತಲೆ ತೂರಿಸಿದರು. ಎಡಗೈಗೆ ರೂಢಿಯಿಲ್ಲ, ಚಿಂದಿ ಜಾರುತ್ತಿತ್ತು, ಉಸಿರು ಒಳಗಿನಿಂದ ಬುಸುಬುಸು ಎಂದು ಕೇಳಿಸುತ್ತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಅಮ್ಮಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಏನು ಹಠ, ಏನು ಹಠ, ಯಾರಿಗೂ ಬ್ಯಾಡವ್ವಾ ಇಂಥಾ ಗಂಡ" ಎಂದು ಬೈಯುತ್ತಲೇ ಬಳೆ ಬಿಚ್ಚಿಟ್ಟು, ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತಳು. ನಾನೂ ಅಣ್ಣನೂ ಇನ್ನೊಂದು ಮಗ್ಗುಲು ಹಿಡಿದೆವು. ಬಸಣ್ಣನೂ ಅಂಗಿ ಕಳಚಿ ಬೇವಿನ ಕೊಂಬೆಗೆ ಸಿಕ್ಕಿಸಿ, "ಸರೀರಿ ಅತ್ಲಾಗ" ಎಂದು ಕೈ ಹಚ್ಚಿದರು. ಎಲ್ಲರ ಉಗುರಿಗೂ ಕರಿ ಹತ್ತಿತು. ಶ್ರಾವಣದ ಮೊದಲ ಸೋಮವಾರ ಆ ಕೊಪ್ಪರಿಗೆಯಲ್ಲೇ ಅನ್ನ ಬೆಂದಿತು. ಆಮೇಲೂ ಬಹಳ ವರ್ಷ ಅಬ್ಬಾ ಎಡಗೈಯಲ್ಲೇ ಕಸುಬು ನಡೆಸಿದರು.

ಈಗ ಮಠದಲ್ಲೂ ಸ್ಟೀಲು. ಬಸಣ್ಣನೂ ಇಲ್ಲ, ಆ ಅಂಗಳವೂ ಇಲ್ಲ. ಅಬ್ಬಾ ತೀರಿಕೊಂಡ ದಿನ ಗಂಡಸರು ಒಳಗೆ ಮೈತ್‌ಗೆ ಸ್ನಾನ ಮಾಡಿಸಿದರು, ನಾವು ಹೆಂಗಸರು ಆಚೆ ಕೋಣೆಯಲ್ಲಿದ್ದೆವು. ಮುಗಿಸಿ ಬಂದ ಅಣ್ಣ ಗೋಡೆಗೊರಗಿ ಕೂತ. ಅಬ್ಬಾನ ಬೆರಳ ಸಂದಿಯ ಕರಿ ಎಷ್ಟು ತಿಕ್ಕಿದರೂ ಹೋಗಲಿಲ್ಲವಂತೆ. ಹಡಗಲಿಯಿಂದ ಬಂದಿದ್ದ ಮುದುಕ ಕಲಾಯಿಗಾರರೊಬ್ಬರು ಕಾಲು ತೊಳೆಯಲು ಹೋದವರು, ಅಬ್ಬಾನ ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟರಂತೆ.

"ಯಾಕಂತ?" ಅಮ್ಮಿ ಕೇಳಿದಳು. ಅಲ್ಲಿಯ ತನಕ ಅವಳು ಒಂದು ಹನಿ ಅತ್ತಿರಲಿಲ್ಲ.

"ಒಂದು ಕಲೆ ಇರ್ಲಿಲ್ಲಮ್ಮಿ. 'ಇದು ಕಲಾಯಿ ಮಾಡೋನ ಕಾಲಲ್ಲ' ಅಂದ್ರು."

"ಅಲ್ಲಪ್ಪಾ," ಎಂದಳು ಅಮ್ಮಿ. "ಅಲ್ಲ, ಅಲ್ಲ." ಆಮೇಲೆ ಅವಳನ್ನು ಹಿಡಿಯಲು ನಮ್ಮ ಕೈಲಾಗಲಿಲ್ಲ.