ಪೆನ್ಸಿಲ್ ಕಂಡೊಡನೆ ಸೀರೆ ಬದಲಿಸಿದವರು

ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ಗಂಭೀರವಾಗಿ ನಿಂತ ಎಮ್ಮೆಯ ಚಿತ್ರವೊಂದು ನನ್ನ ಬಳಿ ಇದೆ. ಅಂದು ಹಬ್ಬವೇನೂ ಇರಲಿಲ್ಲ. ಅದರ ಚಿತ್ರ ಬಿಡಿಸುತ್ತೇನೆ ಎಂದು ನಾನು ಹೇಳಿದ್ದೆ, ಅಷ್ಟೇ. ಪಕ್ಕದ ಮನೆಯ ಮಾರುತಿ ಕಾಕಾ ಅದನ್ನು ತಿಕ್ಕಿ ತೊಳೆದು, ಸಿಂಗರಿಸಿ, "ಈಗ ತಗಿ ನೋಡವಾ" ಎಂದು ಹಗ್ಗ ಹಿಡಿದು ತಾವೂ ಪಕ್ಕದಲ್ಲಿ ನಿಂತುಬಿಟ್ಟರು.

ಆಗಷ್ಟೇ ನಾನು ಕಲಾಶಾಲೆಗೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಬರುವಾಗ ಪೋರ್ಟ್‌ಫೋಲಿಯೊ ತರಬೇಕು, ಅದರಲ್ಲಿ ನಿಮ್ಮೂರಿನ ಜನ ಕೆಲಸದಲ್ಲಿ ತೊಡಗಿರುವ ಚಿತ್ರಗಳಿರಬೇಕು, ಎದುರಿಗೆ ಕೂತು ಬಿಡಿಸಿದ್ದಿರಬೇಕು ಎಂದಿದ್ದರು. ನಮ್ಮ ಅಕ್ಕೋಳದಲ್ಲಿ ಕೆಲಸಕ್ಕೇನು ಬರ ಎಂದುಕೊಂಡು ನಿಪ್ಪಾಣಿಗೆ ಹೋಗಿ ದಪ್ಪ ಕಾಗದ ತಂದೆ. ಆದರೆ ಗೆಳೆಯರೇ, ನನ್ನ ಕೈಯಲ್ಲಿ ಪೆನ್ಸಿಲ್ ಕಂಡರೆ ಸಾಕು, ಆ ಕೆಲಸವೇ ನಿಂತುಹೋಗುತ್ತಿತ್ತು. ಕೌದಿ ಹೊಲಿಯುತ್ತಿದ್ದ ಶರೀಫಾ ಖಾಲಾ ಸೂಜಿ ಬದಿಗಿಟ್ಟು ಒಳಗೆ ಹೋದವರು, ಮಗಳ ಮದುವೆಗೆ ಕೊಂಡ ಸೀರೆಯಲ್ಲಿ ಹೊರಬಂದು, ಮಂಡಿಯ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ಕೂತರು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈ ತೊಳೆದು, ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಕಾಗಿತ್ತು. ಕೊನೆಗೆ ಎಲ್ಲವನ್ನೂ ತಿರುವಿ ನೋಡಿದರೆ, ಮದುವೆಗೆ ಹೋಗುವುದೊಂದನ್ನು ಬಿಟ್ಟು ನಮ್ಮೂರಿನವರಿಗೆ ಬೇರೆ ಉದ್ಯೋಗವೇ ಇಲ್ಲ ಎನ್ನುವಂತಿತ್ತು.

ನನಗೆ ಅಳು ಬಂತು. ಮನೆಯವರು ಒಪ್ಪಿದ್ದು ಇದೊಂದು ವರ್ಷದ ಪ್ರಯತ್ನಕ್ಕೆ. ಈ ಚಿತ್ರಗಳಿಗೆ ಸೀಟು ಸಿಗುವಂತಿರಲಿಲ್ಲ. "ಅವ್ವಾ, ಇದ್ದಂಗ ಕುಂದರು ಅಂದ್ರ ಯಾಕ ಕುಂದರೂದಿಲ್ಲ ನೀ?" ಎಂದು ರೇಗಿದೆ.

"ಇಷ್ಟ ಹೊತ್ತು ನನ್ನ ಯಾರ ನೋಡ್ಯಾರವಾ?" ಎಂದಳು ಅವ್ವ. "ನೀ ಕುಂತು ನೋಡಾಕತ್ತಿ ಅಂದ ಮ್ಯಾಲ ಮಾಸಿದ ಸೀರಿಯಾಗ ಹೆಂಗ ಕುಂದರ್ಲಿ?"

ನೋಡುವುದು ಚಿತ್ರಕಾರರ ಕೆಲಸ, ನೋಡಿಸಿಕೊಳ್ಳುವುದು ಕೆಲಸವೇ ಅಲ್ಲ ಎಂದು ನಾನು ತಿಳಿದಿದ್ದೆ. ಮನೆಗೆ ಬಂದವರಿಗೆ ಚಾಪೆ ಹಾಸುವಂತೆ, ತಮ್ಮತ್ತ ತಿರುಗಿದ ಕಣ್ಣಿಗೂ ಒಂದು ಆದರ ಸಲ್ಲಬೇಕೆಂಬುದು ಇವರಿಗೆ ಯಾರೂ ಕಲಿಸದೆ ಬಂದ ಸಂಸ್ಕಾರ. ಮರೆಯಲ್ಲಿ ನಿಂತು ಕದ್ದು ಬಿಡಿಸುವ ಯೋಚನೆಯೊಂದು ತಲೆಯಲ್ಲಿತ್ತು, ಅದನ್ನು ಕೈಬಿಟ್ಟೆ. ಅವ್ವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಆದದ್ದಾಗಲಿ ಎಂದು ಅವೇ ಚಿತ್ರಗಳನ್ನು ಹೊತ್ತು ಬಸ್ಸು ಹತ್ತಿದೆ.

ಸಂದರ್ಶನಕ್ಕೆ ಕೂತಿದ್ದ ಹಿರಿಯ ಮೇಡಂ ಹಾಳೆ ತಿರುವಿ, "ಕೆಲಸ ಎಲ್ಲಿ ಅದವಾ? ಎಲ್ಲಾರೂ ಫೋಟೋಕ್ಕ ಕೂತಂಗ ಕೂತಾರಲ್ಲ" ಎಂದರು. ಅವ್ವ ಹೇಳಿದ್ದನ್ನೇ ಹೇಳಿದೆ. ಅವರಿಗೆ ಅದು ನೆಪವಾಗಿ ಕಂಡಿರಬೇಕು. "ಆತು, ನಾ ಇಲ್ಲೆ ಕಾಗದಾ ನೋಡಿಕೋತ ಕೂತಿರ್ತೀನಿ. ಹಂಗ ನನ್ನ ಚಿತ್ರ ತಗಿ" ಎಂದರು. ನಾನು ಪೆನ್ಸಿಲ್ ಎತ್ತಿ ಅವರ ಮುಖವನ್ನೇ ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಮೇಲೆದ್ದು ಕೂದಲು ಸವರಿತು, ಸೆರಗು ಸರಿಮಾಡಿತು. ಬಾಗಿದ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿದ್ದವರು ನಕ್ಕಾಗಲೇ ಅವರಿಗೆ ಅದರ ಅರಿವಾದದ್ದು. ಆಮೇಲೆ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಸೀಟು ಸಿಕ್ಕಿತು. ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಮನೆ ತುಂಬ ನಗು. ಅವ್ವ ಮಾತ್ರ ನಗಲಿಲ್ಲ.

"ಮೊದಲ ಹೇಳಬಾರದೇನವಾ ಅವರಿಗೆ? ಪಾಪ, ಛಲೋ ಸೀರಿ ಉಟಗೊಂಡು ಬರತಿದ್ರು" ಎಂದಳು.